ಡಫಿ ಅವರು ಅಂಗಡ್ಯಾಗ ಇಲ್ರೀ

ಸೆರೆ ಅಂಗಡಿ ಅಂದ್ರ ನಮ್ಮಂಥಾ ಹೆಣ್ಣಮಕ್ಕಳು ಮಾರಿ ತಿರುವಿ ಹೋಗೋ ಜಾಗಾ. ಆದ್ರ ಒಂದು ತಿಂಗಳಾತು, ನಾ ದಿನಾ ಕಾಯಿಪಲ್ಯ ಹೆಚ್ಚಿಕೋತ ಅಂಥಾದ್ದೊಂದು ಅಂಗಡ್ಯಾಗ ಕೂಡ್ಲಿಕ್ಹತ್ತೇನ್ರಿ. ಗಾಬರಿ ಆಗಬ್ಯಾಡ್ರಿ, ಅದು ಬರೇ ರೇಡಿಯೋದಾಗ ಇದ್ದ ಅಂಗಡಿ. ನ್ಯೂಯಾರ್ಕಿನ ಥರ್ಡ್ ಅವೆನ್ಯೂದಾಗ ಅದ ಅಂತ ನಾವು ತಿಳ್ಕೋಬೇಕು. ಹೆಸರು 'ಡಫೀಸ್ ಟ್ಯಾವರ್ನ್'. ಅಮೆರಿಕಾದಾಗ 1941ರಿಂದ 1951ರ ತನಕಾ ಬರತಿದ್ದ ನಗಿಚಾಟಿಕಿ ಕಾರ್ಯಕ್ರಮ. ಉಳದಿದ್ದ ಹಳೇ ರೆಕಾರ್ಡಿಂಗ್ ಮಗಳು ಮೊಬೈಲಿಗೆ ಹಾಕಿಕೊಟ್ಟಾಳ. ತಿಳಿಲಿಲ್ಲಂದ್ರ ಎರಡೆರಡು ಸಲಾ ಕೇಳತೇನಿ.

ಶುರುವಿಗೆ ಪಿಯಾನೋದ ಮ್ಯಾಲೆ ಒಂದು ಐರಿಷ್ ಹಾಡು, ಆಮ್ಯಾಲೆ ಫೋನ್ ಬಾರಿಸತದ. ಮ್ಯಾನೇಜರ್ ಆರ್ಚಿ ಎತ್ತಿ, ಮಾಲಕರು ಡಫಿ ಇಲ್ಲ ಅಂತಾನ. ನೋಡಿದ್ರ ಆ ಕಡೆ ಇರೋನು ಡಫಿನೇ! ಅವನ ದನಿ ಮಾತ್ರ ನಮಗ ಎಂದೂ ಕೇಳಸಂಗಿಲ್ಲ. ಆರ್ಚಿ ಕೊಡೋ ಉತ್ತರದಿಂದ ಅವ ಏನು ಕೇಳಿದಾ ಅಂತ ನಾವೇ ಹೊಂದಿಸಿಕೋಬೇಕು. ಆರ್ಚಿ ಆಗಿದ್ದಂವಾ ಎಡ್ ಗಾರ್ಡ್ನರ್, ಈ ಕಾರ್ಯಕ್ರಮ ಹುಟ್ಟಿಸಿದಂವನೂ ಅವನೇ. ಡಫಿಯ ಮಗಳಾಗಿ ಮೊದಲಿಗೆ ಮಾತಾಡಿದಾಕಿ ಶರ್ಲಿ ಬೂತ್, ಆಗ ಅವನ ಹೆಂಡತಿ. ವೇಟರ್ ಆಗಿ ಎಡ್ಡಿ ಗ್ರೀನ್, ಮಂದಬುದ್ಧಿ ಗಿರಾಕಿ ಫಿನೆಗನ್ ಆಗಿ ಚಾರ್ಲಿ ಕ್ಯಾಂಟರ್. ಆರ್ಚಿ ದೊಡ್ಡ ದೊಡ್ಡ ಇಂಗ್ಲಿಷ್ ಶಬ್ದಾ ತಪ್ಪತಪ್ಪ ಆಡತಾನ, ಆದ್ರ ಧೈರ್ಯಕ್ಕೇನೂ ಕಡಿಮಿ ಇಲ್ಲ.

ಈ ಅರ್ಧಾ ಫೋನು ನನಗ ಹೊಸಾದೇನಲ್ರಿ. ನಮ್ಮ ಮನಿಯವರು 22 ವರ್ಷ ಪರಊರಾಗ ನೌಕರಿ ಮಾಡಿದ್ರು. ಬಾಗಿಲಿಗೆ ಅವರ ಹೆಸರಿನ ಬೋರ್ಡು, ಒಳಗ ನಾನು. ದಿನಾ ರಾತ್ರಿ ಫೋನು. "ಹೂಂ, ಕೊಟ್ಟೇನಿ. ಇಲ್ಲ, ಮಾಡಿಗೆ ಹೆಂಚು ಹಾಕಿಸಿದೆ. ಮಾವಗ ಗುಳಿಗಿ ಬದಲ ಮಾಡ್ಯಾರ. ಎಷ್ಟಾತು ಅಂದ್ರ..." ಬಾಜೂಮನಿಯವರಿಗೆ ಆ ಕಡೆ ಮಾತು ಕೇಳಿಸದಿದ್ರೂ ಎಲ್ಲಾ ತಿಳೀತಿತ್ತು. ಬಾಗಿಲಿಗೆ ಬಂದವರೆಲ್ಲಾ "ಯಜಮಾನ್ರು ಅದಾರೇನ್ರಿ?" ಅಂತಲೇ ಕೇಳೋರು. "ಇಲ್ರೀ" ಅಂತಿದ್ದೆ, ಆಗಬೇಕಾದ ಕೆಲಸಾ ನಾನೇ ಮಾಡಿ ಕಳಸತಿದ್ದೆ.

ಆರ್ಚಿ ಮಾಲಕಗ ಸುಳ್ಳೂ ಹೇಳತಾನ, ಗಲ್ಲಾದ ಮ್ಯಾಲೆ ಅವನ ಕಣ್ಣೂ ಇರತದ. ನಾ ರೂಪಾಯಿ ರೂಪಾಯಿಗೆ ಲೆಕ್ಕಾ ಬರದಿಟ್ಟಾಕಿ. ಅವಗ ಮ್ಯಾನೇಜರ್ ಅನ್ನೋ ಹೆಸರಾದ್ರೂ ಇತ್ತು. ನನ್ನ ಅರ್ಜಿಯೊಳಗ 'ಉದ್ಯೋಗ' ಅಂತ ಬಂದಲ್ಲಿ ಪ್ರತಿ ಸಲಾ ಒಂದು ಅಡ್ಡಗೆರಿ. ನಗೋ ಕಾರ್ಯಕ್ರಮ ಕೇಳಿಕೋತ ಕೈಯಾಗಿನ ಈಳಿಗಿ ಒಂದು ಗಳಿಗಿ ನಿಂತದ್ದು ಅದಕ್ಕ. ಬೋರ್ಡು ಒಬ್ಬರದು, ಅಂಗಡಿ ನಡಸೋ ಕೈ ಮತ್ತೊಬ್ಬರದು.

ರೇಡಿಯೋದ ಡಫಿ ಕಡೀತನಕಾ ಅಂಗಡಿಗೆ ಬರಲಿಲ್ಲ. ಬಂದಿದ್ರ ಆರ್ಚಿಗೆ ಮಾತೇ ಇರತಿರಲಿಲ್ಲೇನೋ. ನಮ್ಮ ಡಫಿ ಮಾತ್ರ ನಿವೃತ್ತರಾಗಿ ಮನಿಗೆ ಬಂದಾರ. ಎಣ್ಣಿ ಇಷ್ಟು ಲಗೂನ ಹ್ಯಾಂಗ ತೀರತು ಅಂತ ಕೇಳತಾರ. ಆದ್ರ ಹಾಲಿನವಾ ಬಾಕಿ ಕೇಳಲಿಕ್ಕೆ ಬಂದ್ರ, ಪೇಪರಿನಿಂದ ತಲಿ ಎತ್ತದನ ಹೇಳತಾರ: "ನನಗೇನು ಗೊತ್ತಪಾ, ಒಳಗ ಆಕೀನ್ನ ಕೇಳು."