ಸೀಟಿನಡಿಯ ಟ್ಯಾಂಕು

ಖಾಪರಖೇಡಾದಲ್ಲಿ ಗಾಡಿಗೆ ಬಣ್ಣ ಹೊಡೆಯುವವರು ಮೊದಲು ಗಾಳಿ ನೋಡುತ್ತಿದ್ದರು. ವಿದ್ಯುತ್ ಸ್ಥಾವರದ ಕಡೆಯಿಂದ ಬೀಸಿತೆಂದರೆ ಆ ದಿನ ಸ್ಪ್ರೇ ಗನ್ ಮುಟ್ಟುವಂತಿಲ್ಲ. ಹಾರುಬೂದಿ ಹಸಿ ಬಣ್ಣದ ಮೇಲೆ ಕೂತು, ಒಣಗಿದ ಬಾನೆಟ್ಟು ಉಪ್ಪುಕಾಗದದ ಹಾಗೆ ಕೈಗೆ ತರಿತರಿಯಾಗುತ್ತಿತ್ತು. ಬಣ್ಣದ ಕೆಲಸ ಏನಿದ್ದರೂ ನಸುಕಿನಲ್ಲಿ, ನೆಲಕ್ಕೆ ನೀರು ಚಿಮುಕಿಸಿ, ಶೆಡ್ಡಿನ ಸುತ್ತ ಹಳೆ ತಾಡಪತ್ರಿ ಕಟ್ಟಿದ ಮೇಲೆ.

ಊರು ನಾಗಪುರದ ಉತ್ತರಕ್ಕೆ, ಕೋರಾಡಿ ದಾಟಿದ ಮೇಲೆ, ಸಾವನೇರ್ ತಾಲೂಕಿನಲ್ಲಿದೆ. ಸುತ್ತ ಸಿಲ್ಲೇವಾಡಾ, ವಲನಿ ಕಲ್ಲಿದ್ದಲ ಗಣಿಗಳು. 1980ರ ದಶಕದಲ್ಲಿ ಇಲ್ಲಿ 210 ಮೆಗಾವ್ಯಾಟಿನ ಹೊಸ ಘಟಕಗಳು ಏಳುತ್ತಿದ್ದಾಗ ಅಪ್ಪ ಗುತ್ತಿಗೆದಾರರೊಬ್ಬರ ಫೋರ್‌ಮನ್ ಆಗಿ ಕಲಬುರಗಿಯಿಂದ ಬಂದರು. ಮೊದಲ ಘಟಕ 1989ರಲ್ಲಿ ಶುರುವಾಯಿತು. ಈಗ ಅಂಥವು ನಾಲ್ಕು, ಜೊತೆಗೆ 500 ಮೆಗಾವ್ಯಾಟಿನ ಇನ್ನೊಂದು, ಒಟ್ಟು 1340. ನಾವು ಕಲಬುರಗಿಗೆ ಮರಳಲೇ ಇಲ್ಲ.

ಶಾಲೆ ಬಿಟ್ಟ ಮೇಲೆ ನಾನು ಹೋಗಿ ಕೂರುತ್ತಿದ್ದದ್ದು ರಸ್ತೆಬದಿಯ ಒಂದು ತಗಡಿನ ಶೆಡ್ಡಿನಲ್ಲಿ. ಅದರ ಯಜಮಾನರು ಬೀದರ್ ಕಡೆಯವರು. ಊರೆಲ್ಲ ಉಸ್ತಾದ್ ಎಂದು ಕರೆದರೆ ನಾನು ಕಾಕಾ ಅನ್ನುತ್ತಿದ್ದೆ. ಗಿರಾಕಿಗಳ ಜೊತೆ ಹಿಂದಿ, ಹುಡುಗರ ಜೊತೆ ಮರಾಠಿ, ನನ್ನ ಮತ್ತು ಅಪ್ಪನ ಜೊತೆ ಮಾತ್ರ ಕನ್ನಡ. ಗಣಿ ಗುತ್ತಿಗೆದಾರರ ಜೀಪು, ಮರಳು ಹೊಡೆಯುವ ಲಾರಿ, ಹಾಲಿನ ಟೆಂಪೊ ಎಲ್ಲ ಅಲ್ಲಿಗೇ ಬರುತ್ತಿದ್ದವು. ಉಸ್ತಾದರ ಮನಸ್ಸಿದ್ದದ್ದು ಮಾತ್ರ ಮಿಲಿಟರಿ ಹರಾಜಿನಿಂದ ಕೈಬದಲಾಗುತ್ತ ಬಂದ ಹಳೆ ಪೆಟ್ರೋಲ್ ಜೀಪುಗಳ ಮೇಲೆ.

ಎರಡನೇ ಮಹಾಯುದ್ಧಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಇಂಥ ಜೀಪುಗಳನ್ನು ಆರು ಲಕ್ಷಕ್ಕೂ ಮಿಕ್ಕಿ ತಯಾರಿಸಿದ್ದವು. ಯುದ್ಧ ಮುಗಿದಾಗ ಭಾರತದಲ್ಲಿ ಉಳಿದವು ಹರಾಜಾಗಿ ಕಾಫಿ ತೋಟ, ಕಾಡು, ಗಣಿ ಸೇರಿದವು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಇಂಚು, ಅಷ್ಟೇ. ಅಷ್ಟು ಚಿಕ್ಕ ಗಾಡಿಯಲ್ಲಿ 57 ಲೀಟರಿನ ಟ್ಯಾಂಕಿಗೆ ಜಾಗ ಎಲ್ಲಿ? ಡ್ರೈವರ್ ಸೀಟಿನ ಕೆಳಗೇ ಒಂದು ಗುಳಿ ಮಾಡಿ ಕೂರಿಸಿದ್ದರು. ಪೆಟ್ರೋಲ್ ಹಾಕಲು ಡ್ರೈವರ್ ಕೆಳಗಿಳಿದು, ಸೀಟಿನ ದಿಂಬು ಎತ್ತಬೇಕು. ಭಾರ ಎರಡು ಚಕ್ರಸಾಲುಗಳ ನಡುವೆ, ತಗ್ಗಿನಲ್ಲಿ ನಿಲ್ಲುತ್ತದೆ, ಹಿಂದಿನಿಂದ ಗುದ್ದಿದರೆ ತಗುಲುವುದಿಲ್ಲ ಎಂಬ ಅನುಕೂಲವೇನೋ ಇತ್ತು. ಆದರೆ ಕುಂಡಿಯ ಕೆಳಗೆ ನಲವತ್ತು ಕಿಲೊ ಪೆಟ್ರೋಲ್ ಇಟ್ಟುಕೊಂಡು ಬೀಡಿ ಹಚ್ಚುವ ಡ್ರೈವರುಗಳನ್ನು ಕಂಡರೆ ಉಸ್ತಾದರಿಗೆ ಆಗುತ್ತಿರಲಿಲ್ಲ.

ಅಂಥ ಒಂದು ಜೀಪು ನನಗೆ ಚೆನ್ನಾಗಿ ನೆನಪಿದೆ. ಯಾರೋ ಹಿಂದೆಯೇ ಸ್ಟೀರಿಂಗನ್ನು ಎಡದಿಂದ ಬಲಕ್ಕೆ ತಂದಿದ್ದರು, ಟ್ಯಾಂಕು ಮಾತ್ರ ಎಡಗಡೆಯೇ ಉಳಿದಿತ್ತು. ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ಮುಟ್ಟಿದಾಗ ಅದು ನಡುರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಪಂಪು ಇರುವುದು ಎಂಜಿನ್ ಪಕ್ಕದಲ್ಲಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆದುಕೊಳ್ಳಬೇಕು. ಪೈಪು ಕಾದು ಒಳಗಿನ ಪೆಟ್ರೋಲ್ ಆವಿಯಾದರೆ ಪಂಪು ಆವಿಯನ್ನಷ್ಟೇ ಹೀರುತ್ತದೆ. ಡ್ರೈವರು ಪಂಪಿಗೆ ಒದ್ದೆ ಗೋಣಿತಾಟು ಸುತ್ತಿ, ಮರದ ನೆರಳಲ್ಲಿ ಕಾಯುತ್ತ ಕೂರುತ್ತಿದ್ದ. 1973ರ ತೈಲ ಬಿಕ್ಕಟ್ಟಿನಿಂದ ಏರತೊಡಗಿದ ಪೆಟ್ರೋಲ್ ಬೆಲೆ ಆಮೇಲೆ ಹಳೆಯ ಮಟ್ಟಕ್ಕೆ ಇಳಿಯಲೇ ಇಲ್ಲ. ಮಾಲೀಕ ಸಾಕಾಗಿ, ಡೀಸೆಲ್ ಎಂಜಿನ್ ಕೂರಿಸಿ ಪ್ಯಾಸೆಂಜರ್ ಗಾಡಿ ಮಾಡಿಕೊಡಿ ಎಂದು ಉಸ್ತಾದರ ಬಳಿ ತಂದು ಬಿಟ್ಟ.

"ತಮ್ಮಾ, ಮದ್ಲ ಟಾಕಿ ಎಲ್ಲಿ ಕೂಡ್ತದ ನೋಡಬೇಕು, ಬಾಡಿ ಆಮ್ಯಾಲ," ಎಂದರು ಉಸ್ತಾದರು. ಚಾಸಿ ಹಿಂದಕ್ಕೆ ಬೆಳೆಸಿ ಎದುರುಬದುರು ಬೆಂಚು ಹಾಕಬೇಕಿತ್ತು. ಟ್ಯಾಂಕು ಮುಂದಿನ ಸೀಟಿನ ಕೆಳಗೇ ಉಳಿದರೆ ಅಲ್ಲಿ ಒಬ್ಬನೇ ಕೂರಬಹುದು. ತೆಗೆದರೆ ಅದೇ ಜಾಗದಲ್ಲಿ ಒತ್ತಿಕೊಂಡು ಇಬ್ಬರು. ಒಬ್ಬನ ಬಾಡಿಗೆ ಪ್ರತಿ ಟ್ರಿಪ್ಪಿಗೂ ಹೆಚ್ಚಿಗೆ ಸಿಗುತ್ತದೆ. ಹೀಗೆ ಟ್ಯಾಂಕು ಹಿಂದಿನ ಆಕ್ಸಲ್ಲಿನ ಆಚೆ, ಚಾಸಿಯ ಎರಡು ಪಟ್ಟಿಗಳ ನಡುವೆ ಹೋಗುವುದೆಂದು ತೀರ್ಮಾನವಾಯಿತು.

ಮೊದಲ ಕೆಲಸ ಟ್ಯಾಂಕು ತೊಳೆಯುವುದು. ಒಳಗೆ ಒಂದು ಹಿಡಿ ಹಳೆ ನಟ್ಟು ಹಾಕಿ, ಬಾಯಿಗೆ ಬಟ್ಟೆ ತುರುಕಿ, ಇಬ್ಬರು ಹುಡುಗರು ಆಚೆ ಈಚೆ ಹಿಡಿದು ಕುಲುಕುತ್ತಿದ್ದರು. ಒಳಗಿನ ತುಕ್ಕು ಕೆಂಪು ಪುಡಿಯಾಗಿ ಸುರಿಯುತ್ತಿತ್ತು. ಆಮೇಲೆ ಸೋಡಾ ಬೆರೆಸಿದ ಕುದಿಯುವ ನೀರು, ಒಂದಲ್ಲ, ಹಲವು ಸಲ. ಬೆಸುಗೆ ಹಾಕುವ ಮುನ್ನ ಟ್ಯಾಂಕಿನ ತುಂಬ ನೀರು ತುಂಬಿಸಿ, ಬೆಸುಗೆಯ ಜಾಗ ಮಾತ್ರ ಮೇಲಿರುವಂತೆ ಓರೆ ಮಾಡಿ ಇಡುತ್ತಿದ್ದರು. "ತುಂಬಿದ್ ಟಾಕಿಗಿಂತ ಖಾಲಿ ಟಾಕಿಗಿ ಅಂಜಬೇಕು ನೋಡು." ತುಂಬಿದ್ದರಲ್ಲಿ ಗಾಳಿ ಇಲ್ಲ. ಖಾಲಿಯದರಲ್ಲಿ ಆವಿಯೂ ಇದೆ, ಗಾಳಿಯೂ ಇದೆ, ಕಿಡಿ ಒಂದು ಬಿದ್ದರೆ ಸಾಕು.

ಪೆಟ್ರೋಲ್ ಟ್ಯಾಂಕಿಗೆ ಹೊರಹೋಗುವ ಪೈಪು ಒಂದೇ. ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ತರಿಸಿಕೊಂಡು, ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಮರಳಿ ಬರುವ ಪೈಪಿಗೂ ಒಂದು ಬಾಯಿ ಕೂಡಿಸಬೇಕಾಯಿತು. ಹೀರುವ ಪೈಪಿನ ತುದಿ ತಳಕ್ಕೆ ಮುಟ್ಟದಂತೆ ಅರ್ಧ ಇಂಚು ಮೇಲೆ ನಿಲ್ಲಿಸಿದರು, ತಳದ ನೀರು, ಕಸ ಎಂಜಿನ್‌ಗೆ ಹೋಗಬಾರದೆಂದು. ಅರ್ಧ ತುಂಬಿದಾಗ ಎಣ್ಣೆ ಅತ್ತಿತ್ತ ಉಕ್ಕದಿರಲಿ ಎಂದು ಒಳಗೆ ತೂತು ಕೊರೆದ ಅಡ್ಡ ತಗಡು. ಗಾಳಿಯಾಡಲು ಒಂದು ಸಣ್ಣ ನಳಿಗೆ. ಅದು ಕಟ್ಟಿಕೊಂಡರೆ ಎಣ್ಣೆ ಹೋದ ಜಾಗಕ್ಕೆ ಗಾಳಿ ಬಾರದೆ ಗಾಡಿ ನಿಲ್ಲುತ್ತದೆ. ಟ್ಯಾಂಕಿಗೂ ಅದನ್ನು ಹಿಡಿದ ಕಬ್ಬಿಣದ ಪಟ್ಟಿಗೂ ನಡುವೆ ಹಳೆ ಟ್ಯೂಬಿನ ರಬ್ಬರು. ಸೈಲೆನ್ಸರ್ ಪೈಪನ್ನು ಇನ್ನೊಂದು ಬದಿಗೆ ತಿರುಗಿಸಿ, ಹಿಂದೆ ದಪ್ಪ ಚಾನೆಲ್ಲಿನ ಬಂಪರ್ ಹಾಕಿದರು. ಕುಣಿಗಳಲ್ಲಿ ಚಾಸಿ ತಿರುಚಿಕೊಂಡಾಗ ಒಡೆಯದಂತೆ ಪೈಪಿನ ನಡುವೆ ಒಂದು ಗೇಣು ರಬ್ಬರ್ ಹೋಸು.

ಬಾಡಿ ಕೆಲಸ ಆಮೇಲೆ. ಡೀಸೆಲ್ ಎಂಜಿನ್ ಎತ್ತರವಾದ್ದರಿಂದ ಬಾನೆಟ್ಟು ಮುಚ್ಚಲಿಲ್ಲ. ಪಕ್ಕಗಳಿಗೆ ತಗಡಿನ ಪಟ್ಟಿ ಕೂಡಿಸಿ ಅದನ್ನು ಎತ್ತರಿಸಿದರು. ವಿಲ್ಲಿಸ್ ಕಂಪನಿಯೇ ಎತ್ತರದ ಎಂಜಿನ್ ಹಿಡಿಸಲು 1953ರ ಸಿಜೆ-3ಬಿ ಜೀಪಿನಲ್ಲಿ ಇದನ್ನೇ ಮಾಡಿತ್ತು. ಅದೇ ಎತ್ತರದ ಬಾನೆಟ್ಟಿನ ಜೀಪನ್ನು ಮಹೀಂದ್ರ ದಶಕಗಳ ಕಾಲ ಇಲ್ಲಿ ತಯಾರಿಸಿತು. ಉಸ್ತಾದರಿಗೆ ಈ ಚರಿತ್ರೆ ಯಾರೂ ಹೇಳಿರಲಿಲ್ಲ. ಎಂಜಿನ್ ಹೇಳಿತು, ಅವರು ಕೇಳಿದರು. ಉಬ್ಬಿದ ತಗಡನ್ನು ಗ್ಯಾಸಿನಿಂದ ಕಾಸಿ, ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಒತ್ತಿ, ಮುಂದೆ ಸುತ್ತಿಗೆಯಿಂದ ಬಡಿದು, ಒದ್ದೆ ಬಟ್ಟೆ ಇಟ್ಟು ಕುಗ್ಗಿಸುತ್ತಿದ್ದರು. ಕಣ್ಣು ಮುಚ್ಚಿ ಅಂಗೈ ಸವರಿ ತಗ್ಗು ಎಲ್ಲಿದೆ ಎಂದು ಹೇಳುತ್ತಿದ್ದರು. ಪುಟ್ಟಿ ಕೊನೆಗೆ, ಉಗುರಿನಷ್ಟು. ಹೆಚ್ಚು ಮೆತ್ತಿದ ಹುಡುಗನಿಗೆ ಬೈಗುಳ.

ಆ ಜೀಪು ಹಲವು ವರ್ಷ ಕಾಳಿ-ಪಿವಳಿ ಎಂಬ ಕಪ್ಪು-ಹಳದಿ ಬಾಡಿಗೆ ಗಾಡಿಗಳ ಜೊತೆ ಸಾಲಿನಲ್ಲಿ ನಿಂತು ಗಣಿ ಕೆಲಸಗಾರರನ್ನು, ಸಂತೆಯ ಹೆಂಗಸರನ್ನು, ಕಾಲೇಜು ಹುಡುಗರನ್ನು ಹೊತ್ತಿತು.

ಕಾಲೇಜಿಗೆಂದು ನಾಗಪುರಕ್ಕೆ ಹೋದಾಗ ಅಲ್ಲಿನ ಸೀತಾಬರ್ಡಿಯಲ್ಲಿ ಅಮೆರಿಕದ ಹಳೆಯದೊಂದು 'ಹಾಟ್ ರಾಡ್' ಪತ್ರಿಕೆ ಸಿಕ್ಕಿತು. ಅದು 1948ರಿಂದ ಬರುತ್ತಿದ್ದ ಪತ್ರಿಕೆ. ಯುದ್ಧದಿಂದ ಮರಳಿದ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗದ ಹಳೆ ಫೋರ್ಡುಗಳನ್ನು ಕತ್ತರಿಸಿ, ತಗ್ಗಿಸಿ, ದೊಡ್ಡ ಎಂಜಿನ್ ಕೂರಿಸಿ ಒಣಗಿದ ಸರೋವರಗಳ ಮೇಲೆ ಓಡಿಸಿದ ಕಥೆ ಅದರ ತುಂಬ. ಉಸ್ತಾದರ ಮುಂದೆ ಇಟ್ಟೆ. ಅವರು ಹೊಳೆಯುವ ಬಣ್ಣ ನೋಡಲಿಲ್ಲ, ಪ್ರತಿ ಚಿತ್ರಕ್ಕೂ ಒಂದೇ ಪ್ರಶ್ನೆ: ಟಾಕಿ ಎಲ್ಲಿ?

ಹುಡುಕಿ ಓದಿ ಹೇಳಿದೆ. ಮಾಡೆಲ್ ಟಿ ಫೋರ್ಡಿನಲ್ಲಿ ಅದು ಸೀಟಿನ ಕೆಳಗೆ. ಪಂಪು ಇಲ್ಲ, ಎಣ್ಣೆ ತಾನಾಗಿ ಹರಿಯಬೇಕು, ಅದಕ್ಕೇ ಕಡಿದಾದ ದಿಬ್ಬವನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು. 1928ರ ಮಾಡೆಲ್ ಎ ಬಂದಾಗ ಗಾಜಿನ ಕೆಳಗೆ, ಸವಾರನ ಮೊಣಕಾಲಿನ ಎದುರಿಗೇ ಟ್ಯಾಂಕು. 1932ರ ಫೋರ್ಡಿನಲ್ಲಿ ಪಂಪು ಬಂದು, ಟ್ಯಾಂಕು ಹಿಂದಕ್ಕೆ, ಚಾಸಿಯ ಎರಡು ಕೊಂಬುಗಳ ನಡುವೆ ಹೋಯಿತು. ಹೀಗೆ ಕತ್ತರಿಸಿ ಹಾಟ್ ರಾಡ್ ಕಟ್ಟುವವರ ಅಚ್ಚುಮೆಚ್ಚಿನ ಗಾಡಿ ಅದೇ. "ಮತ್ತ ನಾವೂ ಅಲ್ಲೇ ಇಟ್ಟೀವಲ್ಲ!" ಎಂದು ನಕ್ಕರು. ಬಿಲ್ ಬರ್ಕ್ ಎಂಬಾತ 1946ರಲ್ಲಿ ಯುದ್ಧವಿಮಾನದ ಹೊಟ್ಟೆಗೆ ಕಟ್ಟುವ ಹೆಚ್ಚುವರಿ ಇಂಧನ ಟ್ಯಾಂಕನ್ನೇ ಕೊಂಡು ಕಾರಿನ ಬಾಡಿ ಮಾಡಿಕೊಂಡದ್ದನ್ನು ಕೇಳಿ ಬಹಳ ಹೊತ್ತು ಖುಷಿಪಟ್ಟರು. ಅಲ್ಲಿಯದೂ ಯುದ್ಧದ ಅಳಿದುಳಿದ ಸಾಮಾನು, ಇಲ್ಲಿಯದೂ ಅದೇ. ಅವರು ವೇಗಕ್ಕಾಗಿ ಕತ್ತರಿಸಿದರು, ಇವರು ಇನ್ನೊಬ್ಬನಿಗೆ ಜಾಗ ಮಾಡಲು ಕತ್ತರಿಸಿದರು.

2000ದ ನಂತರ ಶೆಡ್ಡಿನ ಕೆಲಸ ಬೇರೆಯಾಯಿತು. ಹೊಸ ಕಾರುಗಳ ತಗಡು ತೆಳು. ಬಡಿದು ಸರಿಮಾಡುವುದಕ್ಕಿಂತ ಬಾಗಿಲನ್ನೇ ಬದಲಿಸಿ ವಿಮೆಗೆ ಬಿಲ್ಲು ಹಾಕುವುದು ಸಲೀಸು. ಗ್ಯಾಸ್ ವೆಲ್ಡಿಂಗಿನ ಬದಲು ಮಿಗ್ ವೆಲ್ಡಿಂಗ್, ಡಬ್ಬದಲ್ಲಿ ಕಲಸಿದ ಬಣ್ಣ. ಕಾಳಿ-ಪಿವಳಿಗಳು ಕಡಿಮೆಯಾದವು. ಆಗ ಹಳೆ ಜೀಪುಗಳನ್ನು ಹುಡುಕಿಕೊಂಡು ಪುಣೆ, ಬೆಂಗಳೂರಿನಿಂದ ಜನ ಬರತೊಡಗಿದರು. ಅವರಿಗೆ ಬೇಕಾದದ್ದು 1940ರ ದಶಕದ ಜೀಪು, ಅಂದಿನ ಹಾಗೆಯೇ.

ಕಾನೂನೂ ಅತ್ತಲೇ ವಾಲಿದೆ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ ಕಂಪನಿ ನಮೂದಿಸಿದ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2021ರ ಜುಲೈಯಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಹೆಚ್ಚಿನ ಬದಲಾವಣೆ ಇಲ್ಲದ ಖಾಸಗಿ ವಾಹನಕ್ಕೆ 'ವಿಎ' ಅಕ್ಷರಗಳ ಪ್ರತ್ಯೇಕ ವಿಂಟೇಜ್ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ.

ಹೀಗೆ ಆ ಜೀಪು ಮೂಲರೂಪಕ್ಕೆ ಮರಳಲೆಂದು ಕೆಲವು ವರ್ಷಗಳ ಕೆಳಗೆ ಅದೇ ಶೆಡ್ಡಿಗೆ ಮರಳಿ ಬಂತು. ಈಗ ಕೆಲಸ ಉಸ್ತಾದರ ಮಗನದು. ಬೆಳೆಸಿದ ಚಾಸಿ ಕತ್ತರಿಸಬೇಕು, ಬಾನೆಟ್ಟು ಇಳಿಸಬೇಕು, ಡೀಸೆಲ್ ಎಂಜಿನ್ ತೆಗೆಯಬೇಕು, ಟ್ಯಾಂಕು ಸೀಟಿನಡಿಗೆ ಹೋಗಬೇಕು. ಪಂಜಾಬ್-ಹರಿಯಾಣ ಗಡಿಯ ಡಬವಾಲಿಯಿಂದ ಹೊಸ ಬಾಡಿಯನ್ನೇ ತರಿಸುವವರೂ ಇದ್ದಾರೆ. ಕುರ್ಚಿ ಹಾಕಿಕೊಂಡು ಕೂತ ಉಸ್ತಾದರು ತಮ್ಮದೇ ಬೆಸುಗೆ ಕತ್ತರಿಸುವುದನ್ನು ನೋಡಿ ಬೇಸರಪಡಲಿಲ್ಲ. ಮಗ ಟ್ಯಾಂಕಿಗೆ ಗ್ಯಾಸ್ ಟಾರ್ಚ್ ಹಿಡಿಯುವ ಮುನ್ನ "ನೀರ್ ತುಂಬಿಸಿದ್ಯೋ?" ಎಂದು ಕೇಳಿದರು, ಅಷ್ಟೇ.

ಬೇಸರ ನನಗಾಯಿತು. ಅಮೆರಿಕದಲ್ಲಿ ಕತ್ತರಿಸಿದ ಫೋರ್ಡು ಕತ್ತರಿಸಿದ್ದಕ್ಕಾಗಿಯೇ ಮಾನ್ಯ, ಮಾಡಿದವನ ಹೆಸರು ಪುಸ್ತಕದಲ್ಲಿದೆ. ಇಲ್ಲಿ ಆ ಕೈಚಳಕಕ್ಕೆ ವಿರೂಪ ಎಂಬ ಹೆಸರು, ಅದನ್ನು ಅಳಿಸಲು ದುಡ್ಡು. ಈ ಜೀಪು ಯುದ್ಧದಲ್ಲಿದ್ದದ್ದು ಹೆಚ್ಚೆಂದರೆ ನಾಲ್ಕೈದು ವರ್ಷ. ಗಣಿಯ ಜನರನ್ನು ಹೊತ್ತದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಮೂಲರೂಪಕ್ಕೆ ತರುವವರು ಧಾರಾಳವಾಗಿ ತರಲಿ, ಗಾಡಿ ಅವರದು. ಕತ್ತರಿ ಹಾಕುವ ಮೊದಲು ಮಾತ್ರ ಹಳೆ ಕೆಲಸದ ನಾಲ್ಕು ಫೋಟೊ ತೆಗೆದು, ಟ್ಯಾಂಕು ಎಲ್ಲಿತ್ತು, ಪೈಪು ಯಾವ ದಾರಿ ಹಿಡಿದಿತ್ತು, ಯಾವ ಊರಿನ ಯಾವ ಮಿಸ್ತ್ರಿ ಮಾಡಿದ್ದು ಎಂದು ಬರೆದು ಗಾಡಿಯ ಕಾಗದಪತ್ರದ ಜೊತೆ ಇಡಲಿ. ಮಗನಿಗೆ ಇದನ್ನೇ ಹೇಳಿದೆ. ಅವನು ಫೋನ್ ತೆಗೆದು, ಮೊದಲ ಫೋಟೊಗೆ ಅಪ್ಪನನ್ನೇ ಟ್ಯಾಂಕಿನ ಪಕ್ಕ ನಿಲ್ಲಿಸಿದ.