ಟೈರಿನ ಅಳತೆಯೂ ಕುಂಜುಮ್ ಕಣಿವೆಯೂ

ನಾವು ದೆಹಲಿಗೆ ಬಂದು ಹನ್ನೊಂದು ವರ್ಷಗಳಾದುವು. ಸರ್ಕಾರಿ ಕಚೇರಿಯ ಗುಮಾಸ್ತರಾದ ನಮಗೆ ಹಿಮಾಲಯದರ್ಶನವೆಂದರೆ, ಎಲ್.ಟಿ.ಸಿ. ಅರ್ಜಿಯಲ್ಲಿ ಒಂದು ಗಿರಿಧಾಮದ ಹೆಸರನ್ನು ಬರೆಯಬೇಕೆಂದು ಯೋಚಿಸುವುದು, ಕೊನೆಗೆ ಅದೇ ರಜೆಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗಿ ಬರುವುದು, ಇಷ್ಟೇ ಆಗಿತ್ತು. 2022ರ ಬೇಸಗೆಯಲ್ಲಿ ಮಾತ್ರ ಈ ವಾಡಿಕೆ ತಪ್ಪಿತು. ಗುರುಗ್ರಾಮದಲ್ಲಿ ಕೆಲಸದಲ್ಲಿರುವ ನಮ್ಮ ಭಾವಮೈದುನ ಒಂದು ಹಳೆಯ ಪಿಕಪ್ ಗಾಡಿಯನ್ನು ಕೊಂಡುಬಿಟ್ಟ. ಮುಂದೆ ಐದು ಜನ ಕೂರುವ ಕೋಣೆ, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹಾಯುವ ಏರ್ಪಾಡು. "ಭಾವ, ಜೂನ್ ಕೊನೆಗೆ ಸ್ಪಿತಿಗೆ ಹೋಗೋಣ. ಅಮ್ಮ ತಾಬೋ ನೋಡಬೇಕು ಅಂತಿದ್ದಾಳೆ" ಎಂದ. ಅತ್ತೆಯವರು ಯಾವುದೋ ಪತ್ರಿಕೆಯಲ್ಲಿ ತಾಬೋ ಬೌದ್ಧವಿಹಾರದ ಚಿತ್ರವನ್ನು ನೋಡಿ, ಕ್ರಿ.ಶ. 996ರಲ್ಲಿ ಕಟ್ಟಿದ ಮಣ್ಣಿನ ಗೋಡೆ ಇನ್ನೂ ನಿಂತಿದೆಯೆಂದು ಓದಿ, ಅದನ್ನು ಕಣ್ಣಾರೆ ಕಾಣುವ ಹಂಬಲ ಹಚ್ಚಿಕೊಂಡಿದ್ದರು.

ಹೀಗೆ ಅತ್ತೆಯವರು, ಭಾವಮೈದುನ, ನಮ್ಮ ಮನೆಯಾಕೆ, ಮಗಳು ಮತ್ತು ನಾವು, ಐವರು ಹೊರಡುವುದೆಂದು ನಿಶ್ಚಯವಾಯಿತು. ಗಾಡಿಯ ಟೈರುಗಳು ಮಾತ್ರ ಸವೆದು ನುಣ್ಣಗಾಗಿದ್ದುವು. ಹೊಸದು ಹಾಕಿಸಲೇಬೇಕು. ಯಾವ ಅಳತೆಯದು? ಈ ಒಂದು ಪ್ರಶ್ನೆ ಮೂರು ವಾರ ನಮ್ಮ ಮನೆಯಲ್ಲಿ ಉಂಡು ಮಲಗಿತು.

ಭಾವಮೈದುನನ ಮನಸ್ಸು ದೊಡ್ಡ ಟೈರಿನ ಮೇಲಿತ್ತು. ಗಾಡಿ ಕಾರ್ಖಾನೆಯಿಂದ ಬಂದ ಎತ್ತರದಲ್ಲೇ ಇದೆ, ಸ್ಪ್ರಿಂಗು ಬದಲಿಸಿ ಎತ್ತರಿಸಲು ಹಣವಿಲ್ಲ, ಟೈರನ್ನಾದರೂ ದೊಡ್ಡದು ಮಾಡಿದರೆ ಕಲ್ಲಿಗೆ ಹೊಟ್ಟೆ ತಾಗುವುದಿಲ್ಲ ಎಂಬುದು ಅವನ ವಾದ. ನಾವೋ, ಕಡತದಲ್ಲಿ ಬರೆದದ್ದನ್ನು ಬಿಟ್ಟು ಅತ್ತಿತ್ತ ಹೋಗದ ಜಾತಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 265/65 ಆರ್ 17 ಎಂದಿತ್ತು. ಅವನು ಹಾಕಬೇಕೆಂದದ್ದು 285/70 ಆರ್ 17.

ಈ ಅಂಕಿಗಳ ಅರ್ಥವನ್ನು ಬಲ್ಲವರು ಕ್ಷಮಿಸಬೇಕು. ನಮಗೆ ಅಂದಿನವರೆಗೆ ಗೊತ್ತಿರಲಿಲ್ಲ. 265 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂಬುದು ಪಕ್ಕದ ಗೋಡೆಯ ಎತ್ತರ, ಆದರೆ ಅಳತೆಯಲ್ಲ, ಅಗಲದ ಶೇಕಡಾ ಲೆಕ್ಕ. 17 ಎಂಬುದು ಒಳಗಿನ ರಿಮ್ಮಿನ ಅಂಗುಲ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಅಂಗುಲ ಮೂರನ್ನೂ ಬೆರೆಸಿದ ಪುಣ್ಯಾತ್ಮರು ಯಾರೋ, ನಮ್ಮ ಕಚೇರಿಯಲ್ಲಾಗಿದ್ದರೆ ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆಯುತ್ತಿದ್ದರು. ಇರಲಿ. ಒಂದು ಭಾನುವಾರ ಮಗಳ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗುಣಿಸಿದೆವು. 265ರಲ್ಲಿ ನೂರಕ್ಕೆ 65 ಎಂದರೆ 172. ಮೇಲೆ ಕೆಳಗೆ ಎರಡು ಗೋಡೆ ಸೇರಿ 344. 17 ಅಂಗುಲದ ರಿಮ್ಮು 432. ಒಟ್ಟು 776 ಮಿಲಿಮೀಟರು ಎತ್ತರದ ಚಕ್ರ. ಅವನು ಕೇಳಿದ 285/70ಕ್ಕೆ 831. ವ್ಯತ್ಯಾಸ 55. ಆದರೆ ಗಾಡಿ ಏರುವುದು ಅದರ ಅರ್ಧ ಮಾತ್ರ. ಏಕೆಂದರೆ ಅಚ್ಚು ಇರುವುದು ಚಕ್ರದ ನಡುವೆ. 27 ಮಿಲಿಮೀಟರು! ಎರಡು ಬೆರಳಿನಷ್ಟು ಲಾಭಕ್ಕೆ ಕೊಡಬೇಕಾದ ಬೆಲೆಯೇನು?

ಮೊದಲನೆಯದಾಗಿ, ಚಕ್ರ ನೂರಕ್ಕೆ ಏಳರಷ್ಟು ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಅಷ್ಟೇ ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ತಿಳಿಯುವುದಿಲ್ಲ. ಸರಿಯಾದ ಮೀಟರು 60 ತೋರಿಸುವಾಗ ನಿಜವಾದ ವೇಗ 64 ಆಗಿರುತ್ತದೆ. ಪೊಲೀಸರಿಗೆ ಈ ಗಣಿತ ಹೇಳಿ ಬಿಡಿಸಿಕೊಳ್ಳಲಾಗದು. ಮೇಲಾಗಿ ಪ್ರತಿಯೊಂದು ಗೇರೂ ಅಷ್ಟರಮಟ್ಟಿಗೆ ಸೋಮಾರಿಯಾಗುತ್ತದೆ. ಗಾಳಿಯೇ ತೆಳುವಾದ ಎತ್ತರದಲ್ಲಿ, ತೂಕದ ಚಕ್ರಗಳನ್ನು ಕಟ್ಟಿಕೊಂಡು, ಕಡಿದಾದ ತಿರುವಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವಾಗ ಇದು ಕಾಣುತ್ತದಂತೆ. ಇಷ್ಟೆಲ್ಲ ಹೇಳಿದರೂ ಅವನು ಒಪ್ಪಲಿಲ್ಲ. "ಲೆಕ್ಕ ಬೇರೆ, ದಾರಿ ಬೇರೆ, ಭಾವ" ಎಂದ.

ಅಂಗಡಿಗೇ ಹೋದೆವು. ಅಂಗಡಿಯವನು ಸಜ್ಜನ, ಮುಂದಿನ ಎಡಚಕ್ರಕ್ಕೆ ಮಾತ್ರ ದೊಡ್ಡ ಟೈರನ್ನು ಹಾಕಿ ತೋರಿಸಿದ. ಗಾಡಿ ನೆಟ್ಟಗೆ ನಿಂತಾಗ ಏನು ಗಾಂಭೀರ್ಯ! ನಮಗೂ ಒಂದು ಗಳಿಗೆ ಮನಸ್ಸು ಜಾರಿತು. ಅನಂತರ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹಿಂದಕ್ಕೆ ಬಿಟ್ಟಾಗ, ಟೈರಿನ ಅಂಚು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜಿ ಕರ್ರೆಂದಿತು. ನೆಲ ಸಮವಾಗಿದ್ದು, ಗಾಡಿ ಬರಿದಾಗಿದ್ದಾಗಲೇ ಹೀಗಾದರೆ, ಐದು ಜನರೂ ಗಂಟುಮೂಟೆಯೂ ಇದ್ದು ಗುಂಡಿಗೆ ಇಳಿದಾಗ ಸ್ಪ್ರಿಂಗು ಕುಗ್ಗಿ ಇನ್ನೆಷ್ಟು ಉಜ್ಜೀತು? "ಹೊದಿಕೆ ಸ್ವಲ್ಪ ಕತ್ತರಿಸಿದರಾಯಿತು ಸಾಹೇಬ್, ಬೇಕಾದರೆ ಎತ್ತರಿಸುವ ಕಿಟ್ಟೂ ಹಾಕೋಣ" ಎಂದ ಅಂಗಡಿಯವನು. ಆಗ ನಮ್ಮೊಳಗಿನ ಗುಮಾಸ್ತ ಎಚ್ಚತ್ತ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಗಾಡಿಯ ಮೂಲ ವಿವರಗಳನ್ನು ಬದಲಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದಿದೆ. ನಾಳೆ ಅಪಘಾತವಾದರೆ ವಿಮೆಯವರು ಮೊದಲು ನೋಡುವುದೇ ಇಂಥ ಕಾರಣವನ್ನು. ಅತ್ತೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಇದು ಬೇಡವೆಂದೆವು. ಭಾವಮೈದುನ ಮುಖ ಊದಿಸಿಕೊಂಡ.

ಆ ರಾತ್ರಿ ಊಟದ ಹೊತ್ತಿನಲ್ಲಿ ಅತ್ತೆಯವರು, ಅಷ್ಟು ದಿನ ಸುಮ್ಮನಿದ್ದವರು, ಬಾಯಿಬಿಟ್ಟರು. ಅವರ ತಂದೆ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರಾಗಿದ್ದವರು. "ತೋಟದ ಜೀಪಿಗೆ ಇಷ್ಟಿಷ್ಟೇ ಅಗಲದ ಟೈರು ಇತ್ತು ಕಣೋ. ಮಳೆಗಾಲದಲ್ಲಿ ಅದಕ್ಕೆ ಸರಪಳಿ ಸುತ್ತಿ, ಮೊಳಕಾಲುದ್ದ ಕೆಸರಿನಲ್ಲಿ ಕಾಫಿ ಮೂಟೆ ಸಾಗಿಸುತ್ತಿದ್ದರು. ತೆಳ್ಳಗಿದ್ದದ್ದು ಕೆಸರು ಕೊಯ್ದುಕೊಂಡು ಗಟ್ಟಿ ನೆಲ ಮುಟ್ಟುತ್ತೆ ಅಂತ ಡ್ರೈವರು ಹೇಳ್ತಿದ್ದ. ನಿನಗೆ ಅಗಲ ಯಾಕೆ ಬೇಕು? ಗೋಡೆ ಗಟ್ಟಿ ಇದೆಯಾ ಕೇಳು." ಹಳೆಯ ವಿಲ್ಲಿಸ್ ಜೀಪಿನ ಟೈರು 6.00-16, ಎಂದರೆ ಆರೇ ಅಂಗುಲ ಅಗಲ. ಮರಳಿನಲ್ಲಾದರೆ ಅಗಲಕ್ಕೆ ಬೆಲೆಯುಂಟು. ನಮ್ಮ ದಾರಿ ಮರಳಿನದಲ್ಲ, ಕಲ್ಲಿನದು. ಕಲ್ಲಿನ ದಾರಿಯಲ್ಲಿ ಸಾಯುವುದು ಟೈರಿನ ಪಕ್ಕದ ಗೋಡೆ.

ಇಲ್ಲಿಂದ ಮಾತು ಅಳತೆಯಿಂದ ಜಾತಿಗೆ ತಿರುಗಿತು. ಅದೇ 265/65 ಅಳತೆಯಲ್ಲಿ, ಟಾರು ದಾರಿಗೂ ಕಾಡುದಾರಿಗೂ ಆಗುವ ಆಲ್-ಟೆರೇನ್ ಎಂಬ ಟೈರು ಸಿಕ್ಕಿತು. ಆಳವಾದ ಗೀರುಗಳು, ಗೋಡೆ ದಪ್ಪ. ಭಾರ ಹೊರುವ ಸಂಕೇತಾಂಕ ಹಳೆಯದರಲ್ಲಿ 112 ಇತ್ತು, ಎಂದರೆ ಒಂದು ಟೈರಿಗೆ 1,120 ಕಿಲೋಗ್ರಾಂ. ಹೊಸದರಲ್ಲಿ ಅದಕ್ಕೆ ಕಡಿಮೆಯಿರಬಾರದೆಂದು ನೋಡಿ ತೆಗೆದುಕೊಂಡೆವು. ನಡುವೆ 265/70 ಎಂಬ ಇನ್ನೊಂದು ಅಳತೆಯ ಆಸೆಯೂ ಬಂದಿತ್ತು. ಅಗಲ ಅದೇ, ಎತ್ತರ 803, ಗಾಡಿ ಏರುವುದು 13 ಮಿಲಿಮೀಟರು, ಉಜ್ಜುವ ಭಯ ಕಡಿಮೆ. ಅದನ್ನು ತಡೆದದ್ದು ನಮ್ಮ ಕೈಚೀಲ. ಟೈರು ಒಂದಕ್ಕೆ ಹದಿನೈದು ಸಾವಿರದ ಸುಮಾರು. ಅಳತೆ ಬದಲಿಸಿದರೆ ಹೆಚ್ಚುವರಿ ಚಕ್ರವೂ ಸೇರಿ ಐದು ಕೊಳ್ಳಬೇಕು. ಬದಲಿಸದಿದ್ದರೆ ನಾಲ್ಕು ಸಾಕು, ಹಳೆಯದರಲ್ಲಿ ಚೆನ್ನಾಗಿರುವುದೊಂದು ಹೆಚ್ಚುವರಿಯಾಗಿ ಹಿಂದೆ ತೂಗುತ್ತದೆ. ನಾಲ್ಕು ಕೊಂಡೆವು. ಈ ಐದನೆಯ ಚಕ್ರದ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕು.

ಮನಾಲಿಯಲ್ಲಿ ಎರಡು ರಾತ್ರಿ ತಂಗಿ, ಮೂರನೆಯ ದಿನ ನಸುಕಿನಲ್ಲಿ ಹೊರಟೆವು. ಬೇಗ ಹೊರಡಬೇಕಾದ ಕಾರಣವುಂಟು: ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಗ್ಗೆ ಪಾದ ಮುಳುಗುವ ತೊರೆ ಮಧ್ಯಾಹ್ನಕ್ಕೆ ಮೊಳಕಾಲು ದಾಟುತ್ತದೆ. 2020ರ ಅಕ್ಟೋಬರಿನಲ್ಲಿ ತೆರೆದ ಅಟಲ್ ಸುರಂಗ ಒಂಬತ್ತು ಕಿಲೋಮೀಟರು. ಹಸುರು ಬೆಟ್ಟದಲ್ಲಿ ಒಳಹೊಕ್ಕು ಬೋಳು ಬೆಟ್ಟದಲ್ಲಿ ಹೊರಬಿದ್ದೆವು. ಕೋಕ್ಸರ್ ಮುಗಿದು ಗ್ರಾಂಫೂ ಬಂದಲ್ಲಿ ಸ್ಪಿತಿಯ ದಾರಿ ಕವಲೊಡೆಯುತ್ತದೆ. ನಾವು ಹೋದಾಗ ಅಲ್ಲಿಂದ ಬಾತಲ್‌ವರೆಗೆ ದಾರಿಯೆಂಬುದು ಹೆಸರಿಗೆ ಮಾತ್ರ. ಒಂದು ಪಕ್ಕ ಚಂದ್ರಾ ನದಿ ಬೂದಿಬಣ್ಣದಲ್ಲಿ ಮೊರೆಯುತ್ತಿತ್ತು, ಇನ್ನೊಂದು ಪಕ್ಕ ಬೆಟ್ಟ ಕಲ್ಲುದುರಿಸುತ್ತಿತ್ತು, ನಡುವೆ ತೆಂಗಿನಕಾಯಿ ಗಾತ್ರದಿಂದ ಒರಳುಕಲ್ಲಿನ ಗಾತ್ರದವರೆಗೆ ಗುಂಡುಗಳು. ಐವತ್ತು ಕಿಲೋಮೀಟರಿಗೂ ಕಡಿಮೆಯ ಈ ತುಂಡಿಗೆ ಅರ್ಧ ದಿನ ಹಿಡಿಯಿತು.

ಗ್ರಾಂಫೂನಲ್ಲಿ ಇಳಿದು ಗಾಳಿಯ ಒತ್ತಡ ನೋಡಿದೆವು. ಮೇಲೇರಿದಂತೆ ಹೊರಗಿನ ಗಾಳಿ ತೆಳುವಾಗಿ ಟೈರು ಉಬ್ಬಬೇಕು. ಆದರೆ ಚಳಿ ಅದನ್ನು ಕುಗ್ಗಿಸುತ್ತದೆ. ದೆಹಲಿಯ ಸೆಕೆಯಲ್ಲಿ 33 ತುಂಬಿಸಿದ್ದು ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಭಾವಮೈದುನ ಅದನ್ನು 26ಕ್ಕೆ ಇಳಿಸಿದ. ಇದು ಅವನ ಪುಸ್ತಕದಲ್ಲಿದ್ದ ಒಳ್ಳೆಯ ಪಾಠವೆಂದು ಒಪ್ಪಬೇಕು. ಮೆತ್ತಗಾದ ಟೈರು ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ. ಅತ್ತೆಯವರ ಸೊಂಟಕ್ಕೂ ಅದರಿಂದ ಉಪಕಾರವಾಯಿತು.

ಛತ್ರು ದಾಟಿ ಒಂದು ಗಂಟೆಯಾಗಿರಬೇಕು. ತೊರೆಯೊಂದರಲ್ಲಿ ನಮ್ಮದೇ ಮಾದರಿಯ ಪಿಕಪ್ ನಿಂತಿತ್ತು, ಹಿಂದೆ ಏಳೆಂಟು ಗಾಡಿಗಳ ಸಾಲು. ಚಂಡೀಗಢದ ಇಬ್ಬರು ಹುಡುಗರು. ಅವರ ಟೈರುಗಳನ್ನು ಕಂಡು ಭಾವಮೈದುನನ ಕಣ್ಣರಳಿತು: ಅವನು ಬಯಸಿದ 285/70! ಹತ್ತಿರ ಹೋಗಿ ನೋಡಿದರೆ ಹಿಂದಿನ ಬಲಚಕ್ರ ಮಾತ್ರ ಚಿಕ್ಕದು. ಬೆಳಗ್ಗೆ ಒಂದು ಟೈರು ಕೊಯ್ದುಹೋಗಿ, ಕಾರ್ಖಾನೆಯಿಂದ ಬಂದ ಹೆಚ್ಚುವರಿ ಚಕ್ರವನ್ನು ಹಾಕಿದ್ದರು. ನಾಲ್ಕು ದೊಡ್ಡದು ಕೊಂಡವರು ಐದನೆಯದನ್ನು ಬಿಟ್ಟಿದ್ದರು. ಈ ಬಗೆಯ ಗಾಡಿಗಳಲ್ಲಿ ನಾಲ್ಕು ಚಕ್ರದ ಬಲವನ್ನು ಹಾಕಿದಾಗ ಮುಂದಿನ ಅಚ್ಚು ಹಿಂದಿನ ಅಚ್ಚು ಬಿಗಿಯಾಗಿ ಜೊತೆಗೂಡುತ್ತವೆ; ಚಕ್ರಗಳ ಗಾತ್ರ ಬೇರೆಯಾದರೆ ಒಂದನ್ನೊಂದು ಎಳೆದಾಡಿ ಒಳಗಿನ ಹಲ್ಲುಗಳು ಹಾಳಾಗುತ್ತವೆ. ಅದನ್ನು ಬಲ್ಲ ಆ ಹುಡುಗರು ಎರಡೇ ಚಕ್ರದ ಬಲದಲ್ಲಿ ತೊರೆಗಿಳಿದು, ಕಲ್ಲಿನ ನಡುವೆ ಸಿಕ್ಕಿಕೊಂಡಿದ್ದರು. ಲಕ್ಷಗಟ್ಟಲೆ ಬೆಲೆಯ ಗಾಡಿ ನೀರಿನಲ್ಲಿ ಎತ್ತಿನ ಗಾಡಿಗಿಂತ ಕಡೆಯಾಗಿತ್ತು. ಹಗ್ಗ ಕಟ್ಟಿ ನಮ್ಮ ಗಾಡಿಯಿಂದ ಎಳೆದೆವು. ಎರಡನೆಯ ಸಲಕ್ಕೆ ಬಂತು. ಭಾವಮೈದುನ ತೊಯ್ದ ಷರಾಯಿಯನ್ನು ಹಿಂಡುತ್ತಾ ನಮ್ಮ ಕಡೆ ನೋಡಲಿಲ್ಲ. ನಾವೂ ಏನೂ ಹೇಳಲಿಲ್ಲ.

ಆದರೆ ನಮ್ಮ ಜಂಬವೂ ಬಹಳ ಹೊತ್ತು ಉಳಿಯಲಿಲ್ಲ. ಛೋಟಾ ದಾರಾದ ಹತ್ತಿರ ಚೂಪಾದ ಕಲ್ಲೊಂದು ನಮ್ಮ ಹೊಸ ಟೈರಿನ ಪಕ್ಕವನ್ನು ಬೆರಳುದ್ದ ಸೀಳಿತು. ದಪ್ಪ ಗೋಡೆಯೆಂದು ಕೊಟ್ಟ ಹಣ ಬುಸ್ಸೆಂದು ಹೋಯಿತು. ಹಳೆಯ ಚಕ್ರವನ್ನು ಇಳಿಸಿ ಹಾಕಿಕೊಂಡೆವು. ಸವೆದದ್ದಾದರೂ ಅಳತೆ ಅದೇ, ಸುತ್ತಳತೆಯ ವ್ಯತ್ಯಾಸ ಅಲ್ಪ. ಸಡಿಲ ಕಲ್ಲುಮಣ್ಣಿನಲ್ಲಿ ನಾಲ್ಕು ಚಕ್ರದ ಬಲವನ್ನು ಧೈರ್ಯವಾಗಿ ಬಳಸಿದೆವು. ಇನ್ನೊಂದು ಟೈರು ಹೋದರೆ ಏನು ಗತಿಯೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಉತ್ತರವಿರಲಿಲ್ಲ. ಫೋನಿಗೆ ಸಂಪರ್ಕವಿಲ್ಲ, ಹಿಂದೆ ಮುಂದೆ ಊರಿಲ್ಲ, ಅತ್ತೆಯವರು ತಲೆನೋವೆಂದು ಕಣ್ಣುಮುಚ್ಚಿ ಕೂತಿದ್ದರು. ಆಗ ನಾವು ಉಳಿಸಿದ ಹದಿನೈದು ಸಾವಿರದ ನೆನಪು ಚೆನ್ನಾಗಿಯೇ ಆಯಿತು.

ಬಾತಲ್‌ನ ಸೇತುವೆ ದಾಟಿ ಕುಂಜುಮ್ ಏರುವಾಗ ಇನ್ನೊಂದು ಕಲ್ಲು. ಈ ಸಲ ಗಾಡಿಯ ಹೊಟ್ಟೆಗೆ, ದಢಾರೆಂದು. ಕೆಳಗಿನ ಕಾಪುತಗಡು ಒಳಸರಿದಿತ್ತು, ಬೇರೆ ಅಪಾಯವಿಲ್ಲ. ಬಗ್ಗಿ ನೋಡಿ ಎದ್ದ ಭಾವಮೈದುನ ಬಹಳ ವಿನಯದಿಂದ, "ಭಾವ, ಹದಿಮೂರು ಮಿಲಿಮೀಟರು" ಎಂದ. ನಮ್ಮ ಮನೆಯಾಕೆ ಮುಖ ತಿರುಗಿಸಿ ನಕ್ಕಳು.

ಕುಂಜುಮ್‌ನ ನೆತ್ತಿ ನಾಲ್ಕೂವರೆ ಸಾವಿರ ಮೀಟರಿಗಿಂತ ಮೇಲೆ. ಬಣ್ಣದ ಪ್ರಾರ್ಥನಾ ಪತಾಕೆಗಳ ನಡುವೆ ಒಂದು ಚಿಕ್ಕ ಗುಡಿ; ಬಂದ ಗಾಡಿಗಳೆಲ್ಲ ಅದಕ್ಕೆ ಪ್ರದಕ್ಷಿಣೆ ಹಾಕಿಯೇ ಮುಂದೆ ಹೋಗುತ್ತವೆ. ನಮ್ಮದೂ ಹಾಕಿತು, ಮೂರು ಹೊಸ ಕಾಲು, ಒಂದು ಹಳೆಯ ಕಾಲಿನಲ್ಲಿ. ಎದುರಿನ ಹಿಮಶಿಖರಗಳನ್ನು ವರ್ಣಿಸಲು ನಮ್ಮ ಬಿ.ಎ. ಸಾಲದು. ಅತ್ತೆಯವರ ತಲೆನೋವಿಗಾಗಿ ಹತ್ತೇ ನಿಮಿಷದಲ್ಲಿ ಕೆಳಗಿಳಿದೆವು. ಲೋಸರ್‌ನಲ್ಲಿ ಬಿಸಿ ಚಹಾ ಕುಡಿದ ಮೇಲೆ ಅವರಿಗೆ ಜೀವ ಬಂತು. ಕತ್ತಲಾಗುವಾಗ ಕಾಜಾ. ಎರಡು ದಿನ ಕಳೆದು ತಾಬೋ. ಹೊರಗೆ ಮಣ್ಣಿನ ಮುದ್ದೆಯಂತಿರುವ ಆ ವಿಹಾರದ ಒಳಗೆ, ಅರೆಗತ್ತಲಲ್ಲಿ, ಗೋಡೆಯ ತುಂಬ ಸಾವಿರ ವರ್ಷದ ಬಣ್ಣ. ಅತ್ತೆಯವರು ಮುಕ್ಕಾಲು ಗಂಟೆ ಮಾತಿಲ್ಲದೆ ಕೂತಿದ್ದರು. ಹೊರಗೆ ಬಂದು, "ಊರಿನ ಮಣ್ಣಿನ ಗೋಡೆ ಎರಡು ಮಳೆಗಾಲ ತಡೆಯೋಲ್ಲ" ಎಂದಷ್ಟೇ ಅಂದರು.

ಹಿಂದಿರುಗುವಾಗ ಕಿನ್ನೌರದ ದಾರಿ ಹಿಡಿದೆವು. ಟೈರುಗಳು ಮತ್ತೆ ತಂಟೆ ಮಾಡಲಿಲ್ಲ. ಪಕ್ಕದ ಗೋಡೆ ಸೀಳಿದ ಟೈರಿಗೆ ತೇಪೆ ಹಾಕುವಂತಿಲ್ಲವೆಂದು ದೆಹಲಿಯ ಅಂಗಡಿಯವನು ಕೈಯಾಡಿಸಿಬಿಟ್ಟ. ಅದೀಗ ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿದೆ. ಅತ್ತೆಯವರು ಅದರಲ್ಲಿ ಮಣ್ಣು ತುಂಬಿ ಕೆಸುವಿನ ಗಡ್ಡೆ ನೆಟ್ಟರು. 265 ಮಿಲಿಮೀಟರು ಅಗಲ ಕೆಸುವಿಗೆ ಧಾರಾಳವಾಗಿದೆ. ಮೊನ್ನೆ ಪತ್ರೊಡೆ ತಿನ್ನಲು ಬಂದ ಭಾವಮೈದುನ, ಕೈತೊಳೆದುಕೊಂಡವನೇ ಟೇಪು ಹಿಡಿದು ಹೊರಗೆ ಹೋಗಿ, ಚಕ್ರಕ್ಕೂ ಕಮಾನಿಗೂ ನಡುವಿನ ಜಾಗವನ್ನು ಅಳೆಯುತ್ತಿದ್ದ. ಮುಂದಿನ ಸಲ 265/70 ಅಂತೆ. ಎಷ್ಟು ಟೈರು ಎಂದು ಕೇಳಿದೆವು. ಐದು ಎಂದ.