ಬೋನಿ ಎಂ. ಮತ್ತು ವಾಲಿ

ನಮ್ಮ ಬಳಗದ ವಾರ್ಷಿಕ ಕಾರ್ಯಕ್ರಮಕ್ಕೆ ಈ ಸಲ 'ಎಂಬತ್ತರ ಸಂಜೆ' ಎಂಬ ಹೆಸರಿಡಬೇಕೆಂದು ಕಿರಿಯರು ತೀರ್ಮಾನಿಸಿದ್ದಾರೆ. ಆ ದಶಕವನ್ನು ಪ್ರತಿನಿಧಿಸುವ ಐದು ಪಾಪ್ ಬ್ಯಾಂಡ್‌ಗಳನ್ನು ಆರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. 'ಮಾಮ, ನೀವು ಆ ಕಾಲದಲ್ಲಿ ಕೋಪರಿಯಲ್ಲೇ ಇದ್ದವರಲ್ಲವೇ' ಎಂಬುದು ಅವರು ಕೊಟ್ಟ ಕಾರಣ. ಜೊತೆಗೆ ತಾವೇ ಸಿದ್ಧಪಡಿಸಿದ ಪಟ್ಟಿಯೊಂದನ್ನೂ ಕಳುಹಿಸಿದ್ದರು: ದಿ ಪೊಲೀಸ್, ಡ್ಯುರಾನ್ ಡ್ಯುರಾನ್, ವ್ಯಾಮ್, ಆ-ಹಾ, ಯು-ಟು. ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಲಂಡನ್ನಿನಲ್ಲಿ ಕುಳಿತು ಬರೆದಿದ್ದರೆ ನಾನೂ ಬಹುಶಃ ಅವೇ ಹೆಸರುಗಳನ್ನು ಬರೆಯುತ್ತಿದ್ದೆ.

ಆದರೆ ನಾನಿದ್ದದ್ದು ಠಾಣೆ ಪೂರ್ವದ ಕೋಪರಿಯಲ್ಲಿ. 1983ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಬಂದು ಹೋಟೆಲೊಂದಕ್ಕೆ ಸೇರಿದೆ. ಹಗಲು ಲೋಟ ತೊಳೆಯುವುದು, ಸಂಜೆ ರಾತ್ರಿಶಾಲೆ. ಪೊಲೀಸ್ ತಂಡದವರು 1980ರ ಮಾರ್ಚಿನಲ್ಲಿ ಮುಂಬಯಿಯ ರಂಗಭವನದಲ್ಲಿ ಹಾಡಿ ಹೋಗಿದ್ದರೆಂದು ತಿಳಿದದ್ದು ತೀರ ಇತ್ತೀಚೆಗೆ. ನಮ್ಮ ಹೋಟೆಲಿನಲ್ಲಿ ಯಾರಾದರೂ 'ಪೊಲೀಸ್ ಬಂದಿದ್ದಾರೆ' ಎಂದಿದ್ದರೆ ನಾವು ವಯಸ್ಸು ಸಾಲದ ಹುಡುಗರೆಲ್ಲ ಹಿಂಬಾಗಿಲಿನಿಂದ ಓಡುತ್ತಿದ್ದೆವು, ಅಷ್ಟೆ.

ಒಂದು ಕಾಲವನ್ನು ಪ್ರತಿನಿಧಿಸುವುದು ಆ ಕಾಲದಲ್ಲಿ ಹುಟ್ಟಿದ ಹಾಡೋ, ಆ ಕಾಲದಲ್ಲಿ ಕಿವಿಗೆ ಬಿದ್ದ ಹಾಡೋ? ಇದು ಇತ್ಯರ್ಥವಾಗದೆ ಆಯ್ಕೆ ಸಾಧ್ಯವಿಲ್ಲ. ಅಬ್ಬಾ ತಂಡ 1982ರ ಹೊತ್ತಿಗೆ ಹಾಡುವುದನ್ನು ನಿಲ್ಲಿಸಿತ್ತು. ಬೋನಿ ಎಂ.ನ ಪ್ರಸಿದ್ಧ ಹಾಡುಗಳಲ್ಲಿ ಹೆಚ್ಚಿನವು 1976ರಿಂದ 78ರ ನಡುವಿನವು. ಆದರೂ ಠಾಣೆಯ ಸ್ಟೇಷನ್ ಬದಿಯ ಕ್ಯಾಸೆಟ್ ಅಂಗಡಿಗಳಲ್ಲಿ ನಾನು ಕೇಳಿದ್ದು ಇವರನ್ನೇ. ಗೂಡ್ಸ್ ಗಾಡಿಯಂತೆ ಪಾಶ್ಚಾತ್ಯ ಸಂಗೀತ ನಮ್ಮಲ್ಲಿಗೆ ತಡವಾಗಿ ಬರುತ್ತಿತ್ತು. ಅನೇಕ ಸಲ ಬೇರೆಯವರ ಹೆಸರಿನಲ್ಲಿಯೂ ಬರುತ್ತಿತ್ತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಆರಂಭವಾದಾಗ ಮೊದಲು ಪ್ರಸಾರವಾದದ್ದು ಬಗಲ್ಸ್ ಎಂಬ ತಂಡದ, ವಿಡಿಯೋ ಬಂದು ರೇಡಿಯೋ ಗಾಯಕನನ್ನು ಕೊಂದಿತೆಂಬ ಹಾಡು. ಮುಂದಿನ ವರ್ಷವೇ ಅದರ ಧಾಟಿಯನ್ನು ಬಪ್ಪಿ ಲಾಹಿರಿ 'ಡಿಸ್ಕೋ ಡಾನ್ಸರ್'ಗೆ ತಂದರು, ಉಷಾ ಉತುಪ್ ಅವರ ಕಂಠವೂ ಅದಕ್ಕೆ ಸೇರಿತು. ಹೋಟೆಲಿನ ಹುಡುಗರು ಬಗಲ್ಸ್ ಹೆಸರು ಕೇಳದೆಯೇ ಬಗಲ್ಸ್ ಹಾಡುತ್ತ ಮೇಜು ಒರೆಸುತ್ತಿದ್ದರು.

ಬ್ಯಾಂಡ್ ಎನ್ನಲಾಗದಿದ್ದರೂ ನಾಜಿಯಾ ಮತ್ತು ಜೊಹೇಬ್ ಹಸನ್ ಎಂಬ ಅಕ್ಕ-ತಮ್ಮಂದಿರನ್ನು ನಾನು ಬಿಡಲಾರೆ. 1980ರ 'ಕುರ್ಬಾನಿ'ಯಲ್ಲಿ ನಾಜಿಯಾ ಹಾಡಿದಾಗ ಆಕೆಗೆ ಹದಿನೈದು. 1981ರಲ್ಲಿ 'ಡಿಸ್ಕೋ ದೀವಾನೆ' ಬಂತು. ಇಬ್ಬರೂ ಪಾಕಿಸ್ತಾನದವರು, ಧ್ವನಿಮುದ್ರಣ ಲಂಡನ್ನಿನಲ್ಲಿ. ಆದರೆ ಹಿಂದೆ ನಿಂತು ಸಂಗೀತ ಕಟ್ಟಿದ ಬಿಡ್ಡು ನಮ್ಮವರು, ಬೆಂಗಳೂರಿನಲ್ಲಿ ಹುಟ್ಟಿದ ಕೊಡವ. ಬೆಂಗಳೂರು, ಮುಂಬಯಿಗಳಲ್ಲಿ ಗಿಟಾರ್ ಬಾರಿಸಿ, ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಾಸನಿಂದ 'ಕುಂಗ್ ಫೂ ಫೈಟಿಂಗ್' ಹಾಡಿಸಿ ಜಗತ್ತನ್ನೇ ಕುಣಿಸಿದವರು. 'ಕುರ್ಬಾನಿ' ತೆಗೆದ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ. ಹೊರನಾಡಿಗೆ ಹೋದ ಕನ್ನಡ ನೆಲದವರೆಂದರೆ ಇಡ್ಲಿ-ದೋಸೆಯವರೆಂದೇ ಲೆಕ್ಕ ಹಾಕುವ ನಾವು ಇವರನ್ನು ಯಾವ ಸಭೆಯಲ್ಲಿಯೂ ನೆನೆದದ್ದನ್ನು ನಾನು ಕೇಳಿಲ್ಲ. ಭಾಷೆ ಕನ್ನಡವಾಗಿರಲಿಲ್ಲ ಎಂಬುದು ಕಾರಣವಿರಬಹುದು. ನನಗದು ಸಾಕಾದ ಕಾರಣವೆನಿಸುವುದಿಲ್ಲ.

ಕನ್ನಡದಿಂದ ಆರಿಸುವುದಾದರೆ 1987ರ 'ಪ್ರೇಮಲೋಕ'. ಹಂಸಲೇಖ-ರವಿಚಂದ್ರನ್ ಜೋಡಿ ಬ್ಯಾಂಡ್ ಅಲ್ಲವೆಂದು ಕಿರಿಯರು ತಕರಾರು ಎತ್ತಿದ್ದಾರೆ. ಎತ್ತಲಿ. ಊರಿನಿಂದ ರಜೆ ಮುಗಿಸಿ ಬರುವ ಪ್ರತಿಯೊಬ್ಬನ ಚೀಲದಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಆ ಕ್ಯಾಸೆಟ್ ಇರುತ್ತಿತ್ತು.

ಇನ್ನು, ಕಣ್ಣಾರೆ ಕಂಡ ಬ್ಯಾಂಡ್ ಯಾವುದೆಂದು ಕೇಳಿದರೆ ಉತ್ತರ ಒಂದೇ: ಗಣಪತಿ ವಿಸರ್ಜನೆಯ ಬೆಂಜೋ ಪಾರ್ಟಿ. ಬುಲ್‌ಬುಲ್ ತರಂಗಕ್ಕೆ ವಿದ್ಯುತ್ ಜೋಡಿಸಿ, ಕೈಗಾಡಿಯ ಮೇಲೆ ಕರ್ಣ ಕಟ್ಟಿ, ಎರಡು ಢೋಲು, ಒಂದು ತಾಷಾ. ಮೆರವಣಿಗೆ ಖಾಡಿಯ ಕಡೆಗೆ ಸಾಗುವಾಗ ಅವರು ಮೊದಲು ಕೋಳಿಗೀತೆ ನುಡಿಸುವರು, ಅದರ ಬಾಲಕ್ಕೆ 'ಡಿಸ್ಕೋ ಡಾನ್ಸರ್', ಅದರ ಬಾಲಕ್ಕೆ ಬೋನಿ ಎಂ. ಯಾವುದು ಎಲ್ಲಿಯದೆಂದು ಆ ತಂತಿಗೆ ಗೊತ್ತಿರಲಿಲ್ಲ, ಕುಣಿಯುವ ಕಾಲಿಗೂ ಬೇಕಿರಲಿಲ್ಲ. ಪಟ್ಟಿಯಲ್ಲಿ ಇವರನ್ನು ಎರಡನೆಯ ಸ್ಥಾನದಲ್ಲಿ ಬರೆದಿದ್ದೇನೆ.

ಮೊದಲನೆಯ ಸ್ಥಾನ ಬೋನಿ ಎಂ.ಗೆ. ಅದಕ್ಕೊಂದು ಹಿನ್ನೆಲೆಯಿದೆ, ಇದುವರೆಗೆ ಯಾರಿಗೂ ಹೇಳಿದ್ದಿಲ್ಲ.

ಹೋಟೆಲಿನ ಅಡುಗೆ ಭಟ್ಟರ ಬಳಿ ಏಳು ಕ್ಯಾಸೆಟ್‌ಗಳಿದ್ದವು. ಊರಿನ ದೇವಸ್ಥಾನದಲ್ಲಿ ನಡೆದ ವಾಲಿವಧೆ ತಾಳಮದ್ದಲೆಯನ್ನು ಅವರ ಭಾವ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ. ರಾತ್ರಿ ಹಿಟ್ಟು ರುಬ್ಬುವಾಗ ದಿನಕ್ಕೊಂದರಂತೆ ಅವನ್ನು ಹಾಕುತ್ತಿದ್ದರು. ಹೀಗೆ ವಾರಕ್ಕೊಮ್ಮೆ ವಾಲಿ ಸಾಯುತ್ತಿದ್ದ. 1986ರಲ್ಲಿ ನನಗೆ ಬೋನಿ ಎಂ. ಹುಚ್ಚು ಹಿಡಿಯಿತು. ಖಾಲಿ ಕ್ಯಾಸೆಟ್ ಕೊಳ್ಳುವ ತ್ರಾಣವಿರಲಿಲ್ಲ. ಕ್ಯಾಸೆಟ್ಟಿನ ಹಿಂದಂಚಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದರೆ ಅದರ ಮೇಲೆ ಮತ್ತೇನನ್ನೂ ಮುದ್ರಿಸಲಾಗದು. ಭಟ್ಟರು ಏಳನ್ನೂ ಹಾಗೆ ಮುರಿದಿಟ್ಟಿದ್ದರು. ಆದರೆ ಆ ಕುಳಿಗೆ ಕಾಗದ ತುರುಕಿದರೆ ಮುದ್ರಿಸಬಹುದೆಂದು ಅಂಗಡಿಯ ಹುಡುಗ ನನಗೆ ಕಲಿಸಿದ. ಏಳರಲ್ಲಿ ಒಂದು, ಅದರಲ್ಲೂ ಒಂದೇ ಬದಿ. ಅವರಿಗೆ ಎಲ್ಲಿ ತಿಳಿಯುತ್ತದೆ ಎಂದುಕೊಂಡೆ.

ಐದನೆಯ ರಾತ್ರಿ ತಿಳಿಯಿತು. ಭಾಗವತರ ಪದ್ಯ ಬರಬೇಕಾದಲ್ಲಿ ಹೆಂಗಸರ ಹಾಡು. ಭಟ್ಟರು ಕೈ ತೊಳೆದುಕೊಂಡು ಬಂದು, ಪೂರ್ತಿ ಕೇಳಿ, 'ವಾಲಿ ಎಲ್ಲ್ ಹ್ವಾದ ಮಾಣಿ?' ಎಂದರು. ಬೈಯಲಿಲ್ಲ. ನಾನು ಉತ್ತರ ಕೊಡಲಿಲ್ಲ.

ಮೂವತ್ತು ನಿಮಿಷದ ಆ ಬದಿಯಲ್ಲಿ ನನ್ನ ಹಾಡುಗಳು ಹತ್ತೊಂಬತ್ತು ನಿಮಿಷಕ್ಕೆ ಮುಗಿದಿದ್ದವು. ಅಲ್ಲಿಂದ ಮುಂದೆ ವಾಕ್ಯವೊಂದರ ನಡುವಿನಿಂದ ವಾಲಿ ಮಾತನಾಡುತ್ತಿದ್ದ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಪ್ರಶ್ನಿಸುತ್ತ. ಟೇಪ್ ರೆಕಾರ್ಡರಿನಲ್ಲಿ ಮುಂದೋಡಿಸುವ ಗುಂಡಿ ಕೆಟ್ಟಿತ್ತು. ಹಾಗಾಗಿ ಉಳಿದ ಹನ್ನೊಂದು ನಿಮಿಷಕ್ಕಾಗಿ ಭಟ್ಟರು ವಾರಕ್ಕೊಮ್ಮೆ ಹತ್ತೊಂಬತ್ತು ನಿಮಿಷ ಬೋನಿ ಎಂ. ಕೇಳಿದರು, ನಾನು ಆ ಹೋಟೆಲು ಬಿಡುವವರೆಗೂ.

ಆ ಹಾಡುಗಳಲ್ಲೊಂದು 'ರಿವರ್ಸ್ ಆಫ್ ಬ್ಯಾಬಿಲಾನ್'. ಅದರ ಅರ್ಥ ತಿಳಿಯುವಾಗ ನನಗೆ ನಲವತ್ತು ದಾಟಿತ್ತು. ಮೂಲ ಬೈಬಲ್ಲಿನ 137ನೆಯ ಕೀರ್ತನೆ: ಸೆರೆಯಾಗಿ ಒಯ್ಯಲ್ಪಟ್ಟ ಜನ ಪರದೇಶದ ನದಿಯ ಬಳಿ ಕುಳಿತು ಅಳುತ್ತಾರೆ, ನಿಮ್ಮೂರಿನ ಹಾಡು ಹಾಡಿರೆಂದು ಒಯ್ದವರೇ ಕೇಳುತ್ತಾರೆ, ಪರನೆಲದಲ್ಲಿ ಅದನ್ನು ಹೇಗೆ ಹಾಡುವುದೆಂಬುದು ಅವರ ಸಂಕಟ. 1970ರಲ್ಲಿ ಇದನ್ನು ಹಾಡಾಗಿಸಿದವರು ಜಮೈಕಾದ ಮೆಲೋಡಿಯನ್ಸ್ ತಂಡದವರು. ಬೋನಿ ಎಂ.ನಲ್ಲಿ ವೇದಿಕೆಯ ಮೇಲೆ ಕಾಣುತ್ತಿದ್ದ ನಾಲ್ವರೂ ಕೆರಿಬಿಯನ್ ದ್ವೀಪಗಳಿಂದ ಯುರೋಪಿಗೆ ಬಂದವರೇ. ಅವರಲ್ಲಿ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ತುಟಿಯಾಡಿಸುತ್ತಿದ್ದನಷ್ಟೆ. ಗಂಡುದನಿ ಜರ್ಮನ್ ನಿರ್ಮಾಪಕ ಫ್ರಾಂಕ್ ಫಾರಿಯನ್‌ನದು.

ಕಿರಿಯರಿಗೆ ಪಟ್ಟಿ ಕಳುಹಿಸಿದ್ದೇನೆ. ಬೋನಿ ಎಂ. ಎಪ್ಪತ್ತರ ದಶಕದ್ದೆಂದು ಆಗಲೇ ಒಬ್ಬ ತಿದ್ದುಪಡಿ ಸೂಚಿಸಿದ್ದಾನೆ. ಅವನು ಹೇಳುವುದು ಸರಿ. ಆದರೆ 1988ರ ಒಂದು ರಾತ್ರಿ ವಿದ್ಯುತ್ ಹೋಗಿ ಟೇಪ್ ನಿಂತಾಗ, ಕತ್ತಲಲ್ಲಿ ಉದ್ದಿನಬೇಳೆ ತೊಳೆಯುತ್ತಿದ್ದ ಭಟ್ಟರು ಆ ಬ್ಯಾಬಿಲಾನಿನ ಹಾಡನ್ನು ನಿಂತಲ್ಲಿಂದ ಎತ್ತಿಕೊಂಡು ಗುನುಗಿದರು. ಪದಗಳಿರಲಿಲ್ಲ. ಬೆರಳು ಪಾತ್ರೆಯ ಅಂಚಿನ ಮೇಲೆ ಏಕತಾಳ ಹಾಕುತ್ತಿತ್ತು.